ಮುಳುಗುವವಳ ಜಾಗದಲ್ಲಿ

ಯೋಕೋಹಾಮಾ
ಸೋಮವಾರ, 10 ನವೆಂಬರ್ 2025

ಚಿರಂಜೀವಿ ಸಂಜುವಿಗೆ, ನಿನ್ನ ಅಣ್ಣನ ಪ್ರೀತಿ.

ನಮ್ಮ ಮನೆಯ ವಾಡಿಕೆಯಂತೆ ‘ಚಿ. ಸೌ.’ ಎಂದು ಶುರು ಮಾಡಲು ಹೋಗಿ, ಎರಡನೆಯ ಅಕ್ಷರದ ಹತ್ತಿರ ಪೆನ್ನು ನಿಲ್ಲಿಸಿದೆ. ಚಿರಂಜೀವಿಯೊಂದೇ ಸಾಕು. ಮೊದಲು ತಲೆನೋವಿನ ವಿಷಯ ಹೇಳು. ಚಳಿ ಶುರುವಾಯಿತೆಂದರೆ ನಿನಗೆ ಎಡಗಡೆಯ ಹಣೆ ಹಿಡಿದುಕೊಳ್ಳುತ್ತಿತ್ತು, ಈ ವರ್ಷವೂ ಬಂತೇ? ಶ್ರಾವ್ಯಾಳ ನರ್ಸರಿಯಲ್ಲಿ ದಿನವಿಡೀ ಬಿಸಿಲಲ್ಲಿ ನಿಂತು ಕಸಿ ಕಟ್ಟುತ್ತೀಯಂತೆ. ತಲೆಗೆ ಏನಾದರೂ ಕಟ್ಟಿಕೊ. ಬಿ.ಎಸ್ಸಿ.ಯಲ್ಲಿ ರೆಕಾರ್ಡ್ ಪುಸ್ತಕದ ಎಲೆ, ಹೂವಿನ ಚಿತ್ರಗಳನ್ನೆಲ್ಲ ನಿನ್ನ ಕೈಯಲ್ಲಿ ಬರೆಸಿಕೊಂಡು ಪಾಸಾದವಳು ಇವತ್ತು ನಿನಗೆ ಕೆಲಸವನ್ನೂ ಇರಲು ಒಂದು ಕೋಣೆಯನ್ನೂ ಕೊಟ್ಟಿದ್ದಾಳೆ. ಅವಳಿಗೆ ನನ್ನ ನಮಸ್ಕಾರ ಹೇಳು. ಅವಳ ತಾಯಿಗೆ ಕಣ್ಣಿನ ಆಪರೇಷನ್ ಆಗಿತ್ತಲ್ಲ, ಈಗ ಚೆನ್ನಾಗಿ ಕಾಣುತ್ತಿದೆಯೇ?

ನಾವಿಲ್ಲಿ ಚೆನ್ನಾಗಿದ್ದೇವೆ. ದೀಕ್ಷಾಗೆ ಎಡೋಗಾವಾದ ಇಂಡಿಯನ್ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿದೆ. ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡಿದು ರೈಲು ಹತ್ತುತ್ತಾಳೆ. ನಿನ್ನ ಅತ್ತಿಗೆಯ ಮುಖದಲ್ಲಿ ಮದುವೆಯಾದ ಹೊಸತರಲ್ಲಿದ್ದ ಕಳೆ ವಾಪಸ್ಸು ಬಂದಿದೆ. ಅದಕ್ಕೆ ಕಾರಣ ನಾನಲ್ಲ ಎಂದು ಅವಳೇ ಹೇಳಿದಳು. ಮಗಳು ನಿಧಿಗೆ ಹತ್ತು ತುಂಬಿತು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ, ಜಗಳ ಮಾತ್ರ ಇಬ್ಬರೂ ಇಂಗ್ಲಿಷಿನಲ್ಲಿ ಆಡುತ್ತೇವೆ. ನನ್ನ ಸೊಂಟದ ಸುತ್ತಳತೆ ಒಂದಿಷ್ಟು ಹೆಚ್ಚಿದೆ, ಬಿ.ಪಿ. ಹೆಚ್ಚಿಲ್ಲ.

ಇಷ್ಟು ವರ್ಷವಾದ ಮೇಲೆ ಅಣ್ಣ ಕಾಗದ ಪೆನ್ನು ಹಿಡಿದನಲ್ಲ ಎಂದು ನಿನಗೆ ಆಶ್ಚರ್ಯವಾಗಲಿಕ್ಕಿಲ್ಲ. ನೀನೇ ಹೇಳಿದ್ದು. ಆಗಸ್ಟಿನಲ್ಲಿ ನೀನು ಭಾವನ ಮನೆ ಬಿಟ್ಟು ಮೈಸೂರಿಗೆ ಬಂದ ವಾರದಲ್ಲಿ ನಾನು ಫೋನು ಮಾಡಿದೆ. ನಲವತ್ತು ನಿಮಿಷ ಮಾತಾಡಿದೆ. ನೀನು ಕೊನೆಗೆ ಹೇಳಿದ್ದು ಇಷ್ಟು: “ಅಣ್ಣ, ನೀನು ಫೋನಲ್ಲಿ ಶುರು ಮಾಡಿದ್ರೆ ನನ್ನ ಮಾತು ಎಲ್ಲಿ ತೂರಿಸ್ಲಿ? ಏನಿದ್ರೂ ಬರಿ, ಓದ್ತೀನಿ.” ಆಮೇಲೆ ನೀನು ನನ್ನ ಫೋನು ಎತ್ತಲಿಲ್ಲ. ಆಗ ನನಗೆ ಕೋಪ ಬಂದಿತ್ತು. ಈಗ ಇಲ್ಲ. ಇವತ್ತು ನನಗೆ ರಜೆ, ಮನೆಯಲ್ಲಿ ಯಾರೂ ಇಲ್ಲ, ಊಟದ ಮೇಜಿನ ಮೇಲೆ ಬಿಸಿಲು ಬಿದ್ದಿದೆ. ಹೇಳಬೇಕಾದದ್ದನ್ನು ಹೇಳಿಯೇ ಮುಗಿಸುತ್ತೇನೆ.

ಮೊದಲು ಈ ವರ್ಷ ನನ್ನ ಕೈಗೆ ಬಂದ ಕೆಲಸದ ಕಥೆ ಕೇಳು. ಕಾರಿನ ಕಾರ್ಖಾನೆಗಳಿಗೆ ಎತ್ತುವ ಇಳಿಸುವ ಯಂತ್ರ ಮಾಡುತ್ತಿದ್ದ ನಮ್ಮ ಕಂಪನಿ ಕೆಲವು ವರ್ಷಗಳಿಂದ ನಾಟಕಶಾಲೆಗಳಿಗೂ ಮಾಡುತ್ತಿದೆ ಎಂದು ನಿನಗೆ ಗೊತ್ತು. ರಂಗದ ಒಂದು ತುಂಡು ನೆಲ ಹಾಗೇ ಕೆಳಗೆ ಇಳಿಯಬೇಕು, ಅಥವಾ ಕೆಳಗಿನಿಂದ ಸಿಂಹಾಸನ ಮೇಲೆ ಬರಬೇಕು, ಅಂಥದ್ದು. ಈ ಜನವರಿಯಲ್ಲಿ ಇಲ್ಲಿನ ಒಂದು ದೊಡ್ಡ ರಂಗಮಂದಿರದವರು ಬಂದರು. ಫಿನ್ಲೆಂಡಿನವರೂ ಜಪಾನಿನವರೂ ಸೇರಿ ಹೊಸ ಒಪೆರಾ ಆಡುತ್ತಾರಂತೆ. ಒಪೆರಾ ಎಂದರೆ ಗಾಬರಿಯಾಗಬೇಡ. ತಾತ ಹೇಳುತ್ತಿದ್ದ ಕಂಪನಿ ನಾಟಕವನ್ನೇ ನೆನಪು ಮಾಡಿಕೊ, ಅದರಲ್ಲಿ ಮಾತನ್ನೆಲ್ಲ ತೆಗೆದು ಪೂರ್ತಿ ಹಾಡು ಇಟ್ಟರೆ ಹೇಗೋ ಹಾಗೆ. ಹಾರ್ಮೋನಿಯಂ ಬದಲು ಅರವತ್ತು ಜನರ ವಾದ್ಯಮೇಳ. ಕಥೆ ಫಿನ್ಲೆಂಡಿನ ಹಳೆಯ ಪುರಾಣದ್ದು, ಸಂಗೀತ ಮಾತ್ರ ಇವತ್ತಿನದು. ಮೊದಲ ದಿನ ಕೇಳಿದಾಗ ಯಾರೋ ಪಾತ್ರೆ ಅಂಗಡಿಯಲ್ಲಿ ಎಡವಿದ ಹಾಗಿತ್ತು. ಹತ್ತನೆಯ ಸಲ ಕೇಳುವಾಗ ನಾನೇ ಗುನುಗುತ್ತಿದ್ದೆ.

ನಿರ್ದೇಶಕಿ ಹೆಲ್ವಿ ಎಂಬ ಹೆಂಗಸು, ನಮ್ಮ ಚಿಕ್ಕಮ್ಮನ ವಯಸ್ಸು, ಚಳಿಗಾಲದಲ್ಲೂ ಅರ್ಧ ತೋಳಿನ ಅಂಗಿ. ಅವರಿಗೆ ಬೇಕಾದದ್ದು ಒಂದೇ. ಕಥೆಯಲ್ಲಿ ಹುಡುಗಿಯೊಬ್ಬಳು ಸಮುದ್ರದಲ್ಲಿ ಮುಳುಗುತ್ತಾಳೆ. ಹಾಡುತ್ತ ನಿಂತವಳು ನಿಂತ ಹಾಗೆಯೇ ರಂಗದ ನೆಲದೊಳಗೆ ಇಳಿಯಬೇಕು. ನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್, ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ. “ಅವಳು ಯಾವಾಗ ಮುಳುಗಿದಳು ಅಂತ ಯಾರಿಗೂ ಗೊತ್ತಾಗಬಾರದು, ನೋಡುತ್ತಾ ಕೂತವರಿಗೇ ಗೊತ್ತಾಗಬಾರದು” ಎಂದರು. ಕೇಳಲು ಸುಲಭ. ಆದರೆ ಅಷ್ಟು ನಿಧಾನವಾಗಿ ಇಳಿಸಿದರೆ ಹೈಡ್ರಾಲಿಕ್ ಲಿಫ್ಟು ತಡೆತಡೆದು ಇಳಿಯುತ್ತದೆ. ಒಂದು ಕ್ಷಣ ಕಚ್ಚಿಕೊಳ್ಳುತ್ತದೆ, ಒಂದು ಕ್ಷಣ ಜಾರುತ್ತದೆ. ಮೇಲೆ ನಿಂತವಳ ಮಂಡಿ ಅಲ್ಲಾಡುತ್ತದೆ, ದನಿಯೂ ಅಲ್ಲಾಡುತ್ತದೆ. ಇಬ್ಬರು ಜಪಾನಿ ಎಂಜಿನಿಯರುಗಳು ಆಗುವುದಿಲ್ಲ ಎಂದು ಕೈ ಬಿಟ್ಟರು. ನಾನು ಆಗುತ್ತದೆ ಎಂದೆ. ರಂಗಮಂದಿರದ ಯಂತ್ರಗಳ ಮುಖ್ಯಸ್ಥರು ಕುರೋದಾ ಸಾನ್ ಎಂಬ ಹಿರಿಯರು, ಮೂವತ್ತೆಂಟು ವರ್ಷ ಅದೇ ನೆಲದ ಕೆಳಗೆ ಕೆಲಸ ಮಾಡಿದವರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೇಗೆ?” ಎಂದು ಕೇಳಿದರು. “ಗೊತ್ತಿಲ್ಲ, ಆದರೆ ಆಗುತ್ತದೆ” ಎಂದೆ. ಆಯಿತು ಕೂಡ. ಸಿಲಿಂಡರಿನ ಸೀಲುಗಳನ್ನು ಬದಲಿಸಿದೆ, ಎಣ್ಣೆ ಹರಿಯುವ ವಾಲ್ವನ್ನು ಹೊಸದಾಗಿ ಕೂರಿಸಿದೆ, ಆಟ ಶುರುವಾಗುವ ಒಂದು ಗಂಟೆ ಮೊದಲು ಎಣ್ಣೆಯನ್ನು ನಲವತ್ತು ಡಿಗ್ರಿಗೆ ಬಿಸಿ ಮಾಡುವ ಏರ್ಪಾಡು ಮಾಡಿದೆ. ಆಗಸ್ಟಿನ ಕೊನೆಯಲ್ಲಿ ಲಿಫ್ಟಿನ ಮೇಲೆ ತುಂಬಿದ ನೀರಿನ ಬಟ್ಟಲಿಟ್ಟು ಇಳಿಸಿದೆವು. ಒಂದು ಹನಿ ಚೆಲ್ಲಲಿಲ್ಲ. ಕುರೋದಾ ಸಾನ್ ಆ ನೀರನ್ನು ಕುಡಿದುಬಿಟ್ಟರು. ನನ್ನ ಕೆಲಸದ ಬಗ್ಗೆ ನಾನು ಜಂಬ ಪಡುತ್ತೇನೆಂದು ನೀನು ಯಾವಾಗಲೂ ಹೇಳುತ್ತೀಯ. ಈ ಲಿಫ್ಟಿನ ವಿಷಯದಲ್ಲಿ ಪಡಲೇಬೇಕು.

ಅಲ್ಲಿಯವರೆಗೆ ಕಥೆಯೇನು ಎಂದು ನಾನು ಸರಿಯಾಗಿ ಓದಿರಲಿಲ್ಲ. ನನಗೆ ಬೇಕಾದದ್ದು ತೂಕ, ಎತ್ತರ, ವೇಗ. ಸೆಪ್ಟೆಂಬರಿನಲ್ಲಿ ತಾಲೀಮು ಶುರುವಾದಾಗ ಜಪಾನಿಯಲ್ಲಿ ಬರೆದ ಕಥಾಸಾರವನ್ನು ಮನೆಗೆ ತಂದೆ. ನನಗೆ ಬಾರದ ಅಕ್ಷರಗಳನ್ನು ನಿಧಿ ಓದಿ ಹೇಳಿದಳು. ಕಥೆ ಹೀಗಿದೆ. ಹಿಮದ ದಾರಿಯಲ್ಲಿ ಎರಡು ಜಾರುಬಂಡಿಗಳು ಎದುರುಬದುರು ಬರುತ್ತವೆ. ಒಂದರಲ್ಲಿ ಸೊಕ್ಕಿನ ಹುಡುಗ, ಇನ್ನೊಂದರಲ್ಲಿ ವಯಸ್ಸಾದ ದೊಡ್ಡ ಹಾಡುಗಾರ. ದಾರಿ ಕಿರಿದು. ಹುಡುಗ ದಾರಿ ಬಿಡುವುದಿಲ್ಲ, ಬಂಡಿಗೆ ಬಂಡಿ ಗುದ್ದುತ್ತದೆ. ಹುಡುಗ ಕೆಣಕುತ್ತಾನೆ. ಮುದುಕ ಹಾಡಲು ಶುರು ಮಾಡುತ್ತಾನೆ, ಅವನ ಹಾಡಿನ ಶಕ್ತಿಗೆ ಹುಡುಗ ನಿಂತ ನೆಲ ಕೆಸರಾಗಿ ಅವನು ಸೊಂಟದವರೆಗೆ, ಕುತ್ತಿಗೆಯವರೆಗೆ ಹೂತುಹೋಗುತ್ತಾನೆ. ಬಿಲ್ಲು ಕೊಡುತ್ತೇನೆ, ದೋಣಿ ಕೊಡುತ್ತೇನೆ, ಕುದುರೆ ಕೊಡುತ್ತೇನೆ ಬಿಡು ಎನ್ನುತ್ತಾನೆ. ಮುದುಕನಿಗೆ ಅವು ಬೇಡ. ಕೆಸರು ಬಾಯಿಗೆ ಬಂದಾಗ ಹುಡುಗ ಹೇಳುತ್ತಾನೆ, “ನನ್ನ ತಂಗಿಯನ್ನು ಕೊಡುತ್ತೇನೆ.” ಮುದುಕ ಹಾಡು ನಿಲ್ಲಿಸುತ್ತಾನೆ. ಹುಡುಗ ಮನೆಗೆ ಬಂದು ಅಳುತ್ತಾನೆ. ತಾಯಿ ಅಳುವುದಿಲ್ಲ, ಎಂಥ ದೊಡ್ಡ ಮನುಷ್ಯ ಅಳಿಯನಾಗುತ್ತಿದ್ದಾನೆ ಎಂದು ಕೈ ಕೈ ಉಜ್ಜಿಕೊಂಡು ಸಂತೋಷಪಡುತ್ತಾಳೆ. ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ. ಅವಳ ಹೆಸರಿಗೆ ಅವರ ಭಾಷೆಯಲ್ಲಿ ‘ಒಬ್ಬಳೇ ಒಬ್ಬಳು’ ಎಂದು ಅರ್ಥವಂತೆ. ಅವಳು ಸಮುದ್ರದ ದಂಡೆಗೆ ಹೋಗಿ, ಬಂಡೆಯ ಮೇಲೆ ನಿಂತು, ಬಂಡೆಯ ಜೊತೆಗೇ ನೀರಿಗೆ ಇಳಿದುಬಿಡುತ್ತಾಳೆ. ಆಮೇಲೆ ತಾಯಿ ಅತ್ತದ್ದು ನದಿಗಳಾಗಿ ಹರಿಯಿತು ಎಂದು ಪುರಾಣ.

ಇಷ್ಟು ಓದಿದ ಮೇಲೂ ನನಗೆ ಏನೂ ಅನ್ನಿಸಲಿಲ್ಲ. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ‘ಪಾಪ’ ಎಂದೆ, ಕಾಗದ ಮಡಿಸಿ ಬ್ಯಾಗಿಗೆ ಹಾಕಿದೆ.

ಅಕ್ಟೋಬರ್ ಹದಿನಾಲ್ಕರಂದು ಬೆಳಕಿನ ತಾಲೀಮು ಇತ್ತು. ಹುಡುಗಿಯ ಪಾತ್ರದ ಮಿಸಾಕಿ ಸಾನ್ ಬಂದಿರಲಿಲ್ಲ, ಗಂಟಲು ಕೆಟ್ಟಿತ್ತು. ಇಳಿಯುವ ಮುಖದ ಮೇಲೆ ಬೆಳಕು ಬೀಳಿಸಲು ಒಬ್ಬ ಮನುಷ್ಯ ಬೇಕು. ಕುರೋದಾ ಸಾನ್ ನನ್ನ ಕಡೆ ತಿರುಗಿ, “ರಘು ಸಾನ್, ನೀವೇ ನಿಲ್ಲಿ. ಮಾಡಿದವರು ಒಂದು ಸಲ ನಿಲ್ಲಬೇಕು, ಇಲ್ಲಿನ ರೂಢಿ” ಎಂದರು. ನಾನು ಹೆಲ್ಮೆಟ್ ತೆಗೆದಿಟ್ಟು ನಿಂತೆ. ಸುತ್ತ ಬೂದಿ ಬಣ್ಣದ ರೇಷ್ಮೆ ಬಟ್ಟೆ ಹರಡಿತ್ತು, ಅದೇ ಸಮುದ್ರ. ಪಿಯಾನೊ ಶುರುವಾಯಿತು. ತಾಯಿಯ ಪಾತ್ರದವರು ದೂರದಲ್ಲಿ ನಿಂತು ಮಗಳಿಗೆ ಒಡವೆ ಆರಿಸುವ ಹಾಡು ಹಾಡುತ್ತಿದ್ದರು. ಈ ಹೊಸ ಒಪೆರಾದಲ್ಲಿ ಅಣ್ಣನೂ ಆ ದೃಶ್ಯದಲ್ಲಿ ರಂಗದ ಮೇಲೆಯೇ ಇರುತ್ತಾನೆ. ಆ ಪಾತ್ರ ಮಾಡುವವರು ಕೋಬೆಯಿಂದ ಬಂದ ಇಶಿದಾ ಸಾನ್. ನನಗೆ ಬೆನ್ನು ಹಾಕಿ, ನಾಲ್ಕು ಹೆಜ್ಜೆ ದೂರದಲ್ಲಿ ಮಂಡಿಯೂರಿ ಕೂತು, ಮುರಿದ ಜಾರುಬಂಡಿಯನ್ನು ರಿಪೇರಿ ಮಾಡುತ್ತಿದ್ದರು. ಹಗ್ಗ ಬಿಗಿಯುವುದು, ಮರ ತಟ್ಟುವುದು, ನಡುವೆ ತನ್ನಷ್ಟಕ್ಕೆ ಒಂದು ಗುನುಗು. ಬೇಕೆಂದು ತಿರುಗದೆ ಇರುವವನ ಹಾಗಲ್ಲ, ನಿಜವಾಗಿ ಕೆಲಸವಿದ್ದವನ ಹಾಗೆ.

ನಾನು ಇಳಿಯತೊಡಗಿದೆ. ಇಳಿಯುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ. ನನ್ನ ಲಿಫ್ಟು ಅಷ್ಟು ಚೆನ್ನಾಗಿತ್ತು. ಇಶಿದಾ ಸಾನ್‌ರ ತಲೆ ಕಾಣುತ್ತಿತ್ತು, ಆಮೇಲೆ ಬೆನ್ನು, ಆಮೇಲೆ ಸೊಂಟ. ಅವರೇ ಎತ್ತರವಾಗುತ್ತಿದ್ದಾರೆ ಎನ್ನಿಸಿತು. ನೆಲ ನನ್ನ ಗಲ್ಲಕ್ಕೆ ಬಂದಾಗ ಕಣ್ಣೆದುರಿಗೆ ಅವರ ಬೂಟಿನ ಹಿಮ್ಮಡಿಗಳು ಮಾತ್ರ ಇದ್ದವು. ಆಗ ನನ್ನ ಬಾಯಿಂದ ದೊಡ್ಡದಾಗಿ “ಅಣ್ಣಾ” ಎಂದು ಬಂತು. ನಾನು ಹೇಳಬೇಕೆಂದು ಹೇಳಿದ್ದಲ್ಲ. ಪಿಯಾನೊ ನಿಂತಿತು. ಇಶಿದಾ ಸಾನ್ ಬೆಚ್ಚಿ ತಿರುಗಿದರು. ಕುರೋದಾ ಸಾನ್ ತುರ್ತಾಗಿ ನಿಲ್ಲಿಸುವ ಸ್ವಿಚ್ಚು ಒತ್ತಿದರು. ಮೂವತ್ತು ಜನ ರಂಗದ ಅಂಚಿಗೆ ಬಂದು ಗುಂಡಿಯೊಳಗೆ ಬಗ್ಗಿ ನೋಡಿದರು, ಗಲ್ಲದವರೆಗೆ ಇಳಿದು ಅರ್ಧಕ್ಕೆ ನಿಂತ ನಾನು ಕತ್ತೆತ್ತಿ ಎಲ್ಲರಿಗೂ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳುತ್ತಿದ್ದೆ. ಏನು ಶಬ್ದ ಅದು, ನೋವಾಯಿತೇ ಎಂದು ಹೆಲ್ವಿ ಇಂಗ್ಲಿಷಿನಲ್ಲಿ ಕೇಳಿದರು. ನೋವಲ್ಲ, ನಮ್ಮ ಭಾಷೆಯಲ್ಲಿ ಹಿರಿಯ ಸೋದರನನ್ನು ಹಾಗೆ ಕರೆಯುತ್ತೇವೆ ಎಂದೆ. ಅವರು ಹೇಳಿದರು, “ಅವಳು ಯಾಕೆ ಕರೆಯುವುದಿಲ್ಲ ಅಂತ ನಾನೂ ತುಂಬಾ ದಿನ ಯೋಚಿಸಿದೆ. ಮೊದಲೇ ಒಂದು ಸಲ ಕರೆದು ನೋಡಿದ್ದಳು ಅನ್ನಿಸುತ್ತದೆ.”

ಹೌದು ಸಂಜು, ನೀನು ಕರೆದಿದ್ದೆ. ನಿಶ್ಚಿತಾರ್ಥದ ಹಿಂದಿನ ದಿನ ಮಧ್ಯಾಹ್ನ, ಸರಸ್ವತಿಪುರಂ ಬಾಡಿಗೆ ಮನೆಯಲ್ಲಿ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು “ಅಣ್ಣಾ” ಎಂದೆ. ನಾನು ಹಾಲಿನಲ್ಲಿ ನೆಲದ ಮೇಲೆ ವೀಸಾ ಕಾಗದಗಳನ್ನು ಹರಡಿಕೊಂಡು ಜೋಡಿಸುತ್ತಿದ್ದೆ. “ಇದೊಂದು ಮುಗಿಸ್ತೀನಿ ಇರು” ಎಂದೆ. ತಲೆ ಎತ್ತಿರಲಿಲ್ಲ. ಮುಗಿಸಿ ನೋಡುವಾಗ ಬಾಗಿಲಲ್ಲಿ ನೀನಿರಲಿಲ್ಲ. ನಾನು ಒಳಗೆ ಬಂದು ಏನೆಂದು ಕೇಳಲೂ ಇಲ್ಲ.

ಆ ವರ್ಷದ ಉಳಿದದ್ದೆಲ್ಲ ನಿನಗೆ ಗೊತ್ತಿರುವುದೇ. ಆದರೂ ನನ್ನ ಕೈಯಾರೆ ಒಂದು ಸಲ ಬರೆದುಬಿಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಇದ್ದದ್ದು ಇದ್ದ ಹಾಗೆ ಹೇಳಿಲ್ಲ. 2009ರ ಮಾರ್ಚಿನಲ್ಲಿ ನನಗೆ ಜಪಾನಿನ ಕೆಲಸದ ಪತ್ರ ಬಂದ ಮೂರನೆಯ ದಿನ, ನಂಜನಗೂಡು ರಸ್ತೆಯ ಒಂದು ಕಿರಿದಾದ ಸೇತುವೆಯ ಮೇಲೆ ನನ್ನ ಬೈಕು ಆಗ ಇನ್ನೂ ಭಾವನಾಗಿರದ ಉಮಾಶಂಕರ್ ಅವರ ಸ್ಕೂಟರಿಗೆ ಗುದ್ದಿತು. ಸೇತುವೆಯೊಳಗೆ ಮೊದಲು ಬಂದವರು ಅವರು. ನಿಲ್ಲಬೇಕಾದವನು ನಾನು. ನಿಲ್ಲಲಿಲ್ಲ, ಹಾರ್ನ್ ಹೊಡೆದೆ. ಅವರ ಬಲಗಾಲು ಎರಡು ಕಡೆ ಮುರಿಯಿತು. ಕೆಳಗೆ ಬಿದ್ದವರ ಮೇಲೆಯೇ ಕೂಗಾಡಿದೆ. ಪೊಲೀಸ್ ಕೇಸಾಯಿತು. ಕೇಸು ಇರುವವರೆಗೆ ಪರದೇಶದ ಮಾತಿಲ್ಲ ಎಂದು ವಕೀಲರು ಹೇಳಿದರು. ಅಪ್ಪ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ನಾನು ಆಸ್ಪತ್ರೆಗೆ ದಿನಾ ಹಣ್ಣು ತೆಗೆದುಕೊಂಡು ಹೋಗಿ ಮಂಚದ ಪಕ್ಕ ಕೂತು ಬರುತ್ತಿದ್ದೆ. ಆಗ ಅವರ ಸೋದರಮಾವ ಶ್ರೀಕಂಠಯ್ಯನವರು ಅಮ್ಮನ ಹತ್ತಿರ ಮಾತು ತೆಗೆದರು. ಹುಡುಗನಿಗೆ ಹೆಂಡತಿ ತೀರಿಹೋಗಿ ಎರಡು ವರ್ಷ, ಸ್ವಂತ ಪ್ರಿಂಟಿಂಗ್ ಪ್ರೆಸ್ಸು, ಸ್ವಂತ ಮನೆ. ನಿಮ್ಮ ಮನೆಯಲ್ಲೂ ಹುಡುಗಿ ಇದ್ದಾಳಂತೆ. ಸಂಬಂಧಿಕರಾದ ಮೇಲೆ ಕೇಸೇನು, ಕೋರ್ಟೇನು. ಅಮ್ಮ ಅವತ್ತು ಸಂಜೆ ಪಾಯಸ ಮಾಡಿದಳು. ನಿನಗೆ ಇಪ್ಪತ್ತೊಂದು, ಭಾವನಿಗೆ ಮೂವತ್ತಾರು. ಮೇ ತಿಂಗಳಲ್ಲಿ ನಿನ್ನ ಕೊನೆಯ ಪರೀಕ್ಷೆ, ಜೂನಿನಲ್ಲಿ ಮದುವೆ, ಅಷ್ಟರಲ್ಲಿ ಕೇಸು ರಾಜಿಯಾಗಿತ್ತು, ಆಗಸ್ಟಿನಲ್ಲಿ ನನ್ನ ವಿಮಾನ. ಸಸ್ಯಶಾಸ್ತ್ರದಲ್ಲಿ ನೀನು ಕಾಲೇಜಿಗೇ ಎರಡನೆಯವಳಾಗಿ ಬಂದದ್ದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಭಾವ ಕೆಟ್ಟವರಲ್ಲ ಎಂದು ನಾವೆಲ್ಲ ಹದಿನಾರು ವರ್ಷ ಹೇಳಿಕೊಂಡೆವು. ಅದು ನಿಜವೂ ಹೌದು. ಕೈ ಎತ್ತಿದವರಲ್ಲ, ಕುಡಿದವರಲ್ಲ. ಆದರೆ ನಾನು ನಂಜನಗೂಡಿಗೆ ಬಂದಾಗಲೆಲ್ಲ ಆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಇಬ್ಬರು ಇರುವ ಮನೆಯಲ್ಲಿ ಅಷ್ಟು ಸ್ಪಷ್ಟವಾಗಿ ಗಡಿಯಾರ ಕೇಳಬಾರದು. ಎಂ.ಎಸ್ಸಿ. ಬೇಡವೆಂದರು, ಕೆಲಸ ಬೇಡವೆಂದರು, ಹಿತ್ತಲಲ್ಲಿ ನೀನು ಬೆಳೆಸಿದ ಆರ್ಕಿಡ್ ಗಿಡಗಳ ಹತ್ತಿರ ಮಾತ್ರ ನೀನು ಬಾಯಿತುಂಬ ಮಾತಾಡುತ್ತಿದ್ದೆ. ನಾನು ಇದನ್ನೆಲ್ಲ ನೋಡಿದೆ, ಊಟ ಮಾಡಿದೆ, ಬಸ್ಸು ಹತ್ತಿದೆ.

ಈಗ ಅಮ್ಮನ ವಿಷಯ. ಆಗಸ್ಟಿನಿಂದ ಬೆಂಗಳೂರಿನ ಚಿಕ್ಕಮ್ಮನ ಮನೆಯಿಂದ ಎರಡು ದಿನಕ್ಕೊಮ್ಮೆ ನನಗೆ ಫೋನು ಮಾಡುತ್ತಾಳೆ. “ಹದಿನಾರು ವರ್ಷ ಆದ್ಮೇಲೆ ಯಾರಾದ್ರೂ ಮನೆ ಬಿಡ್ತಾರೇನೋ? ಮಕ್ಕಳಿಲ್ಲದ ಮನೆ, ಅವನೊಬ್ಬನೇ ಏನು ಮಾಡ್ಬೇಕು? ನೀನು ಒಂದು ಕಾಗದ ಬರೆದು ಬುದ್ಧಿ ಹೇಳು. ನಿನ್ನ ಮಾತನ್ನ ಅವಳು ಯಾವತ್ತು ತೆಗೆದುಹಾಕಿದ್ದಾಳೆ?” ನಾನು ಹೂಂ ಎಂದಿದ್ದೆ. ಬರೆಯಲು ಶುರುವನ್ನೂ ಮಾಡಿದ್ದೆ. ‘ಹೊಂದಿಕೊಂಡು ಹೋಗುವುದರಲ್ಲೇ ದೊಡ್ಡತನವಿದೆ’ ಎಂಬ ಒಂದು ವಾಕ್ಯ ಇವತ್ತಿಗೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಆ ಲಿಫ್ಟಿನಿಂದ ಮೇಲೆ ಬಂದ ದಿನ ಅಮ್ಮನಿಗೆ ನಾನೇ ಫೋನು ಮಾಡಿದೆ. ಸಂಜುವಿಗೆ ವಾಪಸ್ಸು ಹೋಗು ಅಂತ ನಾನು ಬರೆಯಲ್ಲ, ನೀನೂ ಹೇಳಬೇಡ, ಚಿಕ್ಕಮ್ಮನ ಕೈಯಲ್ಲೂ ಹೇಳಿಸಬೇಡ ಎಂದೆ. ಅಮ್ಮ ಅತ್ತಳು. ನಾನು ಫೋನು ಇಡಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಅವಳೇ, “ಅವಳಿಗೆ ಅಲ್ಲಿ ಊಟ ತಿಂಡಿ ಸರಿಯಾಗಿದೆಯೇನೋ?” ಎಂದಳು. ನೀನು ಆರಾಮಾಗಿದ್ದಾಗ ಅವಳಿಗೆ ಒಂದು ಫೋನು ಮಾಡು. ಅವಸರವಿಲ್ಲ.

ಮೊನ್ನೆ ಶನಿವಾರ ಮೊದಲ ಪ್ರದರ್ಶನ ಆಯಿತು. ಒಂದೂವರೆ ಸಾವಿರ ಜನ. ನಾನು ಕುರೋದಾ ಸಾನ್ ಪಕ್ಕ ಕಂಟ್ರೋಲ್ ರೂಮಿನಲ್ಲಿದ್ದೆ. ಎಣ್ಣೆ ನಲವತ್ತು ಡಿಗ್ರಿಯಲ್ಲೇ ನಿಂತಿತ್ತು. ಮಿಸಾಕಿ ಸಾನ್ ಹಾಡುತ್ತ ಹಾಡುತ್ತ ಇಳಿದರು. ಇಶಿದಾ ಸಾನ್ ಬಂಡಿ ತಟ್ಟುತ್ತಿದ್ದರು. ಅವಳು ಇಲ್ಲ ಎಂದು ಸಭೆಗೆ ಯಾವಾಗ ಗೊತ್ತಾಯಿತೆಂದರೆ, ಹಾಡು ಇನ್ನೂ ಕೇಳುತ್ತಿದೆ, ಆದರೆ ರಂಗದ ಮೇಲೆ ಬಟ್ಟೆ ಮಾತ್ರ ಇದೆ. ಆಗ ಯಾರೋ ಒಬ್ಬರು ಉಸಿರು ಎಳೆದುಕೊಂಡದ್ದು ನಮ್ಮ ಮೈಕಿಗೂ ಕೇಳಿಸಿತು. ಕೊನೆಯಲ್ಲಿ ಜನ ಹತ್ತು ನಿಮಿಷ ಚಪ್ಪಾಳೆ ತಟ್ಟಿದರು. ಆ ದೃಶ್ಯ ಮುಗಿದ ಕೂಡಲೇ ಕೆಳಗೆ ಹೋಗಿ ಮಿಸಾಕಿ ಸಾನ್‌ರನ್ನು ಕೈ ಹಿಡಿದು ಲಿಫ್ಟಿನಿಂದ ಇಳಿಸಿದವನು ನಾನೇ. “ಕೆಳಗೆ ಯಾರಾದರೂ ಇರುತ್ತೀರಿ ಅಂತ ಗೊತ್ತಿದ್ದರೆ ಹಾಡಲು ಭಯವಾಗುವುದಿಲ್ಲ” ಎಂದರು. ಇನ್ನು ಐದು ಪ್ರದರ್ಶನವಿದೆ, ಎಲ್ಲ ಸಲವೂ ನಾನು ಕೆಳಗಿರುತ್ತೇನೆಂದು ಹೇಳಿದ್ದೇನೆ. ದೀಕ್ಷಾ, ನಿಧಿ ಇಬ್ಬರೂ ನೋಡಲು ಬಂದಿದ್ದರು. ನಿಧಿ ಸ್ಟೇಷನ್ನಿನ ಹತ್ತಿರದ ಕೊಂಬಿನಿ ಅಂಗಡಿಯಲ್ಲಿ ಒನಿಗಿರಿ ಎಂಬ ಅನ್ನದ ಉಂಡೆ ಕೊಡಿಸಿಕೊಂಡು ತಿನ್ನುತ್ತ, ಆ ಅಣ್ಣನಿಗೆ ಆಮೇಲೆ ಏನಾಯಿತು ಎಂದು ಕೇಳಿದಳು. ಕಥೆಯಲ್ಲಿ ಬರೆದಿಲ್ಲ ಎಂದೆ.

ಈಗ ನಿನ್ನ ಮುಂದಿನದು. ಇದರಲ್ಲಿ ಉಪದೇಶವಿಲ್ಲ, ನಾನು ಮಾಡಿರುವ ಕೆಲಸಗಳನ್ನು ಹೇಳುತ್ತೇನೆ ಅಷ್ಟೆ. ನಿನ್ನ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು ಎಲ್ಲ ಅಮ್ಮನ ಬೀರುವಿನಲ್ಲಿದ್ದವು. ಚಿಕ್ಕಮ್ಮನ ಮಗ ಅಭಿಷೇಕ ಅವನ್ನು ಈ ಭಾನುವಾರ ಶ್ರಾವ್ಯಾಳ ನರ್ಸರಿಗೆ ತಂದುಕೊಡುತ್ತಾನೆ. ಒಳಗೆ ಹೋಗಬೇಡ, ಏನೂ ಕೇಳಬೇಡ, ಕೊಟ್ಟು ಬಾ ಎಂದು ಹೇಳಿದ್ದೇನೆ. ನೀನು ಎಂ.ಎಸ್ಸಿ. ಓದಿದರೂ ಸರಿ, ಕಸಿ ಕಟ್ಟಿದರೂ ಸರಿ, ನಂಜನಗೂಡಿಗೆ ಹೋಗಬೇಕೆನ್ನಿಸಿ ಹೋದರೂ ಸರಿ. ಯಾರಾದರೂ ನಿನ್ನ ಮುಂದೆ “ನಿಮ್ಮಣ್ಣ ಏನಂತಾನೆ?” ಎಂದು ಕೇಳಿದರೆ, ಅವನು ನನ್ನ ಕಡೆ ಎಂದು ಹೇಳು. ಮಾರ್ಚ್ ಕೊನೆಯ ವಾರ ನಾವು ಮೂವರೂ ಬರುತ್ತಿದ್ದೇವೆ. ಮೈಸೂರಿನಲ್ಲಿ ಲಾಡ್ಜಿನಲ್ಲಿ ಇಳಿಯುತ್ತೇವೆ. ನೀನು ಕರೆದರೆ ನಿನ್ನಲ್ಲಿಗೆ ಬರುತ್ತೇವೆ, ಕರೆಯದಿದ್ದರೆ ನರ್ಸರಿಯಲ್ಲಿ ಗಿರಾಕಿಗಳ ಹಾಗೆ ಎರಡು ಗಿಡ ಕೊಂಡು ಹೋಗುತ್ತೇವೆ.

ಬಿಸಿಲು ಮೇಜಿನಿಂದ ಇಳಿದು ಹೋಯಿತು. ದೀಕ್ಷಾ ಇನ್ನೇನು ಬರುತ್ತಾಳೆ. ನಿನಗೆ ಆಯುಸ್ಸು, ಆರೋಗ್ಯ ಎರಡೂ ತುಂಬಿ ಬರಲಿ, ನೀನು ನೆಟ್ಟದ್ದೆಲ್ಲ ಚಿಗುರಲಿ. ಶ್ರಾವ್ಯಾಗೂ ಅವಳ ತಾಯಿಗೂ ನಮ್ಮೆಲ್ಲರ ನಮಸ್ಕಾರ. ನಿಧಿ ತನ್ನ ಅತ್ತೆಗೆ ಕನ್ನಡದಲ್ಲಿ ಹೆಸರು ಬರೆದು ತೋರಿಸಬೇಕೆಂದು ಕೆಳಗೆ ಸಹಿ ಮಾಡುತ್ತಾಳಂತೆ, ‘ಧ’ ತಿರುಗಾಮುರುಗಾ ಆದರೆ ನಗಬೇಡ.

ನಿನ್ನ ಅಣ್ಣ,
ರಘುನಂದನ್

ನಿಧಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ದೀಕ್ಷಾ ಓದಿದಳು. “ಎಲ್ಲಾ ಬರ್ದಿದೀರ, ಆಸ್ಪತ್ರೆಯಲ್ಲಿ ಅವ್ರು ಕೇಳಿದ್ದೆಲ್ಲಿ?” ಎಂದಳು. ಅವಳಿಗೆ ಶನಿವಾರ ಹೇಳಿದ್ದೆ. ಪೋಸ್ಟ್ ಆಫೀಸು ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕು ಇಪ್ಪತ್ತು, ಅವಸರದಲ್ಲೇ ಬರೆಯುತ್ತೇನೆ. ಶ್ರೀಕಂಠಯ್ಯನವರು ಮಾತು ತೆಗೆದ ಮರುದಿನ ಭಾವ ನನ್ನೊಬ್ಬನನ್ನೇ ಮಂಚದ ಹತ್ತಿರ ಕರೆದು ಕೇಳಿದರು, “ಮಾವ ಏನೋ ಹೇಳ್ತಿದ್ದಾರೆ. ನಿಮ್ಮ ತಂಗಿಗೆ ಒಪ್ಪಿಗೆ ಇದ್ಯಾ? ಇಲ್ದಿದ್ರೆ ಬೇಡ, ಕೇಸು ನಾನು ಹೇಗಿದ್ರೂ ವಾಪಸ್ ತಗೋತೀನಿ.” ನಾನು ಒಪ್ಪಿದ್ದಾಳೆ, ಅವಳೇ ಹೇಳಿದಳು ಎಂದೆ. ನಿನ್ನನ್ನು ಕೇಳಿರಲಿಲ್ಲ. ನಿನಗೆ ವಿಷಯವೇ ಇನ್ನೂ ಗೊತ್ತಿರಲಿಲ್ಲ. ಅವರ ಮಾತನ್ನು ನಾನು ನಂಬಲಿಲ್ಲ ಸಂಜು, ಬೇಡವೆಂದರೆ ಕೇಸು ಉಳಿಯುತ್ತದೆಂದು ಹೆದರಿದೆ.

ನಿನ್ನೆ ಭಾನುವಾರ ಭಾವನಿಗೆ ಫೋನು ಮಾಡಿ ಇದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು, “ಮದುವೆಯಾದ ವಾರದಲ್ಲೇ ಅವಳು ನಂಗೆ ಹೇಳಿದ್ಳು, ನನ್ನನ್ನ ಯಾರೂ ಕೇಳ್ಲಿಲ್ಲ ಅಂತ. ನಿಮ್ಮಣ್ಣ ನಂಗೆ ಬೇರೆ ಥರ ಹೇಳಿದ್ದಾನೆ ಅಂದೆ. ಅವತ್ತಿಂದ ಅವಳು ಸುಳ್ಳು ಹೇಳೋವ್ಳು ಅಂತಲೇ ಅಂದ್ಕೊಂಡು ಬಂದೆ. ಹದಿನಾರು ವರ್ಷ ಅವಳ ಯಾವ ಮಾತನ್ನೂ ಪೂರ್ತಿ ನಂಬ್ಲಿಲ್ಲ.” ನಿನ್ನ ವಿಳಾಸ ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಇಡುವ ಮೊದಲು ಒಂದೇ ಮಾತು ಹೇಳಿದರು: “ಅವಳು ನಿಜ ಹೇಳಿದ್ಳು ಅಂತ ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳು.”

ಹೇಳಿದ್ದೇನೆ.